ಈ ಸುತ್ತಿನಲ್ಲಿ ನಿಮ್ಮ ಕೆಲಸ ಏನು?

ಕೇಳುಗರಿಗೆಲ್ಲ ನಮಸ್ಕಾರ.

ಯುರೋಪಿನ ಹಳೆಯ ಉದ್ದ ಕತ್ತಿಯ ವರಸೆ ಬಗ್ಗೆ ಮಾತಾಡಿ ಎಂದು ಕರೆದಿದ್ದಾರೆ. ರಾಜರ ಕಥೆ, ಯುದ್ಧದ ಕಥೆ ಇದ್ದರೆ ಚೆನ್ನಾಗಿರುತ್ತದೆ ಅಂತಲೂ ಹೇಳಿದರು. ಅದನ್ನೆಲ್ಲ ಬೇಗ ಮುಗಿಸಿಬಿಡುತ್ತೇನೆ. ಯಾಕೆಂದರೆ ನಾನು ಮಾತಾಡಬೇಕು ಅಂದುಕೊಂಡಿರುವುದು ಇಲ್ಲಿ ಜರ್ಮನಿಗೆ ಓದೋಕೆ, ಕೆಲಸಕ್ಕೆ ಅಂತ ಬಂದಿರುವ ನಮ್ಮ ಹುಡುಗ ಹುಡುಗಿಯರ ಹತ್ತಿರ. ಸಂಜೆ ಯಾವುದೋ ಶಾಲೆಯ ಜಿಮ್ ಹಾಲ್‌ನಲ್ಲಿ ಕತ್ತಿ ಕಲಿಸುತ್ತಾರಂತೆ ಎಂದು ಕೇಳಿ ಸೇರಿಕೊಂಡಿದ್ದೀರಿ. ಮೊದಲ ವರ್ಷ ಖುಷಿಯೋ ಖುಷಿ. ಈಗ ಎರಡನೆಯದೋ ಮೂರನೆಯದೋ ವರ್ಷ. ವಾರ ವಾರ ಸ್ಪಾರಿಂಗ್ ಮಾಡ್ತೀನಿ, ಆದರೂ ಯಾಕೋ ಮುಂದಕ್ಕೇ ಹೋಗ್ತಿಲ್ಲ ಅನ್ನುತ್ತೀರಿ. ಅಲ್ವಾ? ಈ ಮಾತು ನಿಮಗೆ. ಉಳಿದವರು ಅಡುಗೆ ಮಾಡುತ್ತಾ ಸುಮ್ನೆ ಕೇಳಿಸಿಕೊಳ್ಳಿ.

ಗೊತ್ತಿಲ್ಲದವರಿಗೆ ಎರಡು ಮಾತು. ಉದ್ದ ಕತ್ತಿ ಅಂದರೆ ಎರಡೂ ಕೈಯಲ್ಲಿ ಹಿಡಿಯುವ ಕತ್ತಿ. ಸಿನಿಮಾ ನೋಡಿದವರು ಹತ್ತು ಕಿಲೋ ಇರಬೇಕು ಅಂದುಕೊಂಡಿರುತ್ತಾರೆ. ಇಲ್ಲ. ಒಂದೂಕಾಲು, ಒಂದೂವರೆ ಕಿಲೋ ಆಸುಪಾಸು, ಅಷ್ಟೇ. ನಾವು ಸ್ಪಾರಿಂಗ್‌ಗೆ ಹಿಡಿಯುವುದನ್ನು ಫೆಡರ್ ಅನ್ನುತ್ತೇವೆ. ಉಕ್ಕಿನದೇ, ಆದರೆ ಅಂಚು ಮೊಂಡು, ತುದಿ ಮಡಚಿರುತ್ತದೆ, ಚುಚ್ಚಿದರೆ ಬಾಗುತ್ತದೆ. ತಲೆಗೆ ಮಾಸ್ಕ್, ಕುತ್ತಿಗೆಗೆ ಪಟ್ಟಿ, ಮೈಗೆ ದಪ್ಪ ಜಾಕೆಟ್, ಕೈಗೆ ಅದಕ್ಕಿಂತ ದಪ್ಪ ಗ್ಲೌಸ್. ಇಷ್ಟು ಹಾಕಿಕೊಂಡು ಎದುರಾಳಿಯ ಜೊತೆ ಮನಸ್ಸಿಟ್ಟು ಆಡುವುದೇ ಸ್ಪಾರಿಂಗ್.

ಇತಿಹಾಸ. ಹದಿನಾಲ್ಕನೇ ಶತಮಾನದಲ್ಲಿ ಯೊಹಾನೆಸ್ ಲೀಷ್ಟೆನವರ್ ಅಂತ ಒಬ್ಬ ಜರ್ಮನ್ ಗುರು ಇದ್ದ. ವಿದ್ಯೆಯನ್ನೆಲ್ಲ ಪ್ರಾಸದ ಸಾಲುಗಳಲ್ಲಿ ಕಟ್ಟಿಟ್ಟ. ಸುಮ್ಮನೆ ಓದಿದರೆ ತಲೆಬುಡ ತಿಳಿಯುವುದಿಲ್ಲ. ಹೊರಗಿನವರಿಗೆ ತಿಳಿಯಬಾರದು ಅಂತಲೇ ಹಾಗೆ ಕಟ್ಟಿದ್ದು. ಆಮೇಲೆ ಬಂದ ಗುರುಗಳು ಆ ಸಾಲುಗಳಿಗೆ ವಿವರಣೆ ಬರೆದರು. ಅಂಥದ್ದೊಂದು ಹಳೆಯ ಕೈಬರಹ ನ್ಯೂರೆಂಬರ್ಗ್‌ನ ಮ್ಯೂಸಿಯಂನಲ್ಲಿದೆ. 1570ರಲ್ಲಿ ಸ್ಟ್ರಾಸ್‌ಬುರ್ಗ್‌ನ ಯೊವಾಖಿಮ್ ಮೇಯರ್ ಎಂಬಾತ ಚಿತ್ರಗಳ ಸಮೇತ ದೊಡ್ಡ ಪುಸ್ತಕ ಅಚ್ಚು ಹಾಕಿಸಿದ. ಆತ ಹೊಟ್ಟೆಪಾಡಿಗೆ ಚಾಕು ಮಾಡುತ್ತಿದ್ದವನು. ಆಮೇಲೆ ಬಂದೂಕಿನ ಬಳಕೆ ಹೆಚ್ಚಿತು, ಕತ್ತಿಯ ರೀತಿಯೇ ಬದಲಾಯಿತು, ಈ ವಿದ್ಯೆ ಕೈಬಿಟ್ಟು ಹೋಯಿತು. 1990ರ ದಶಕದಿಂದ ಈಚೆಗೆ ಜನ ಹಳೆಯ ಪುಸ್ತಕ ತೆಗೆದು ಮತ್ತೆ ಕಟ್ಟುತ್ತಿದ್ದಾರೆ.

ಇಲ್ಲಿ ಒಂದು ವಿಷಯ ಗಮನಿಸಿ. ನಮಗೆ ಗುರುವಿನಿಂದ ಗುರುವಿಗೆ ಬಂದ ಪರಂಪರೆ ಇಲ್ಲ. ಕೈ ಹಿಡಿದು ತಿದ್ದಿದವರು ಯಾರೂ ಇಲ್ಲ. ಪುಸ್ತಕ ಹೀಗೆ ಹೊಡಿ ಅನ್ನುತ್ತದೆ. ನಾವು ಅದನ್ನು ಸರಿಯಾಗಿ ಅರ್ಥ ಮಾಡಿಕೊಂಡೆವಾ ಇಲ್ಲವಾ ಅಂತ ಹೇಳುವವರು ಯಾರು? ಎದುರಿಗೆ ಕತ್ತಿ ಹಿಡಿದು ನಿಂತಿರುವ, ನಿಮಗೆ ಸಹಾಯ ಮಾಡುವ ಉದ್ದೇಶವೇ ಇಲ್ಲದ ಮನುಷ್ಯ. ಅದಕ್ಕೇ ಸ್ಪಾರಿಂಗ್ ಬೇಕು. ನ್ಯೂರೆಂಬರ್ಗ್‌ನ ಆ ಕೈಬರಹದಲ್ಲೂ ಈ ಮಾತಿದೆ: ವಿದ್ಯೆ ಇಲ್ಲದಿದ್ದರೂ ಅಭ್ಯಾಸ ಕೆಲಸಕ್ಕೆ ಬರುತ್ತದೆ, ಅಭ್ಯಾಸ ಇಲ್ಲದ ವಿದ್ಯೆ ಬರುವುದಿಲ್ಲ.

ಈ ಸಾಲನ್ನು ಟೀಶರ್ಟ್ ಮೇಲೆ ಹಾಕಿಕೊಂಡು ಓಡಾಡುವವರಿದ್ದಾರೆ. ‘ನೋಡಿ, ಅವರೇ ಹೇಳಿದ್ದಾರೆ, ಸ್ಪಾರಿಂಗ್ ಮಾಡ್ತಾ ಇದ್ರೆ ಸಾಕು, ತಾನಾಗೇ ಬರುತ್ತೆ’ ಅನ್ನುತ್ತಾರೆ. ಬರುವುದಿಲ್ಲ! ಐದು ವರ್ಷ ಸ್ಪಾರಿಂಗ್ ಮಾಡಿಯೂ ಮೊದಲ ವರ್ಷದ ಆಟವನ್ನೇ ಆಡುವವರನ್ನು ಬೇಕಾದಷ್ಟು ಜನ ನೋಡಿದ್ದೇನೆ. ಮೊದಲಿಗಿಂತ ಜೋರಾಗಿ ಹೊಡೆಯುತ್ತಾರೆ, ಅಷ್ಟೇ ವ್ಯತ್ಯಾಸ.

ಹಾಗಾದರೆ ಏನು ಮಾಡಬೇಕು? ನನ್ನ ಒಂದೇ ಮಾತು. ಪ್ರತಿ ಸುತ್ತಿಗೂ ಒಂದೇ ಒಂದು ಕೆಲಸ ಇಟ್ಟುಕೊಂಡು ಹೋಗಿ. ಗೆಲ್ಲುವುದು ಕೆಲಸ ಅಲ್ಲ. ಇವತ್ತು ದೂರ ಕಾಯ್ದುಕೊಳ್ಳುತ್ತೇನೆ. ಇದು ಕೆಲಸ. ಇವತ್ತು ಹೊಡೆದ ಮೇಲೆ ಕತ್ತಿಯ ಮರೆಯಲ್ಲೇ ಹಿಂದೆ ಸರಿಯುತ್ತೇನೆ. ಇದು ಕೆಲಸ. ಸುತ್ತು ಮುಗಿದ ಮೇಲೆ ಗೆದ್ದೆನಾ ಸೋತೆನಾ ಅಂತ ನೋಡಬೇಡಿ, ಆ ಕೆಲಸ ಆಯಿತಾ ಅಂತ ನೋಡಿ.

ಕಾರಣ ಬಹಳ ಸುಲಭ. ಗೆಲ್ಲಬೇಕು ಅಂತ ಹೊರಟವನು ತನಗೆ ಈಗಾಗಲೇ ಬರುವುದನ್ನೇ ಮಾಡುತ್ತಾನೆ. ಯಾರು ತಾನೇ ಬಾರದ ವರಸೆ ಹಾಕಿ ಏಟು ತಿನ್ನುತ್ತಾರೆ? ಬರುವುದನ್ನೇ ಮಾಡಿದರೆ ಹೊಸದು ಒಳಗೆ ಬರುವುದು ಎಲ್ಲಿಂದ?

ಒಂದು ಕಥೆ ಹೇಳುತ್ತೇನೆ. ನನ್ನ ಶಿಷ್ಯರಿಗೆಲ್ಲ ಕೇಳಿ ಕೇಳಿ ಸಾಕಾಗಿದೆ. ನಿಮಗೆ ಹೊಸದು.

ನಮ್ಮ ಗುಂಪಿಗೆ ಹುಬ್ಬಳ್ಳಿಯ ಒಬ್ಬ ಹುಡುಗ ಬಂದ. ಎಂ.ಎಸ್. ಓದುತ್ತಿದ್ದ. ಆರಡಿಗಿಂತ ಎತ್ತರ, ಕೈ ಇನ್ನೂ ಉದ್ದ. ಬಂದ ಕೆಲವೇ ತಿಂಗಳಲ್ಲಿ ಒಂದು ಗುಟ್ಟು ಕಂಡುಕೊಂಡ. ಉದ್ದ ಕತ್ತಿಯ ಆಟದಲ್ಲಿ ಎದುರಾಳಿಗೆ ತೀರಾ ಹತ್ತಿರ ಇರುವುದು ನಿಮ್ಮ ಮುಖ ಅಲ್ಲ, ಎದೆ ಅಲ್ಲ, ನಿಮ್ಮ ಕೈ. ಇವನು ದೂರದಲ್ಲಿ ನಿಲ್ಲುತ್ತಿದ್ದ. ನೀವು ಹೊಡೆಯೋಕೆ ಅಂತ ಕೈ ಮುಂದೆ ತಂದಿರೋ, ಟಪ್ ಅಂತ ಮಣಿಕಟ್ಟಿಗೆ ಒಂದು ಬೀಳುತ್ತಿತ್ತು. ಅಷ್ಟೇ. ಹಿಂದೆ ಹಾರಿಬಿಡುತ್ತಿದ್ದ. ಆ ಬೇಸಿಗೆ ಪೂರ್ತಿ ಎಲ್ಲರನ್ನೂ ಹೊಡೆದ. ಹತ್ತು ವರ್ಷದಿಂದ ಆಡುತ್ತಿದ್ದವರನ್ನೂ ಬಿಡಲಿಲ್ಲ.

ಬರೀ ಕೈಗೇ ಹೊಡೆಯುತ್ತೀಯಲ್ಲಪ್ಪಾ ಅಂದರೆ, ಮಾಸ್ಕ್ ಒಳಗಿಂದಲೇ ನಗುತ್ತಾ ‘ಅಕ್ಕಾರ, ಬಡದೆ ಅಲ್ರೀ? ಮತ್ತೇನ್ ಬೇಕ್ರೀ?’ ಅನ್ನುತ್ತಿದ್ದ. ಅವನ ಪ್ರಶ್ನೆ ನ್ಯಾಯವಾದದ್ದೇ.

ಚಳಿ ಶುರುವಾಗುವ ಹೊತ್ತಿಗೆ ಆಟ ಬದಲಾಯಿತು. ಉಳಿದವರೇನು ದಡ್ಡರಾ? ಅವನ ಆಟ ಅರ್ಥವಾಗಿಬಿಟ್ಟಿತು. ಬೇಕೆಂದೇ ಕೈ ಮುಂದೆ ತೋರಿಸುವುದು, ಅವನು ಹೊಡೆಯೋಕೆ ಬಂದ ತಕ್ಷಣ ಕೈ ಹಿಂದಕ್ಕೆ ಎಳೆದುಕೊಳ್ಳುವುದು, ಅವನ ಕತ್ತಿ ಗಾಳಿಯಲ್ಲಿ ಕೆಳಗೆ ಹೋಗುತ್ತಿರುವಾಗ ತಲೆಗೆ ಒಂದು ಇಡುವುದು. ಇವನು ಏನು ಮಾಡಿದ? ಅದೇ ಏಟನ್ನು ಇನ್ನೂ ಬೇಗ ಹೊಡೆದ. ಆಮೇಲೆ ಇನ್ನೂ ಜೋರಾಗಿ. ಕೊನೆಗೆ ಒಬ್ಬರ ಹೆಬ್ಬೆರಳು ಗ್ಲೌಸ್ ಒಳಗೇ ಊದಿಕೊಂಡಿತು.

ಅವತ್ತು ಕೂರಿಸಿಕೊಂಡು ಹೇಳಿದೆ. ಇವತ್ತಿನಿಂದ ನಿನಗೆ ಕೈ ಏಟು ಲೆಕ್ಕಕ್ಕಿಲ್ಲ. ನಿನ್ನ ಕೆಲಸ ಒಂದೇ. ಬಲ ಭುಜದ ಮೇಲಿಂದ ಓರೆಯಾಗಿ ಹೊಡಿ, ಕತ್ತಿಗೆ ಕತ್ತಿ ತಾಗಿಸು, ತಾಗಿದ ಮೇಲೆ ಓಡಬೇಡ. ಅಲ್ಲೇ ಇರು. ಮುಂದೇನಾಗುತ್ತೋ ನೋಡು.

‘ಕೈ ಕಟ್ಟಿ ಹಾಕಿ ಆಡು ಅಂದಂಗಾತಲ್ರೀ ಇದು’ ಅಂದ. ಆದರೂ ಒಪ್ಪಿಕೊಂಡ. ಅವನ ದೊಡ್ಡ ಗುಣ ಅದು.

ಈ ಓರೆ ಏಟಿಗೆ ತ್ಸೋರ್ನ್‌ಹೌ ಅನ್ನುತ್ತಾರೆ. ಲೀಷ್ಟೆನವರ್ ಹೇಳಿದ ಐದು ಮುಖ್ಯ ಏಟುಗಳಲ್ಲಿ ಮೊದಲನೆಯದು. ಎದುರಿನವನು ಮೇಲಿಂದ ಹೊಡೆದಾಗ ನೀವೂ ಮೇಲಿಂದಲೇ ಹೊಡೆಯುತ್ತೀರಿ. ಎರಡು ಕತ್ತಿ ನಡುವೆ ಸೇರುತ್ತವೆ. ಆ ಕ್ಷಣದಲ್ಲಿ ಎದುರಿನವನ ಕತ್ತಿ ಸಡಿಲ ಇದ್ದರೆ ನಿಮ್ಮ ತುದಿ ಅವನ ಮುಖದ ಕಡೆಗೇ ಇರುತ್ತದೆ, ನೇರ ಚುಚ್ಚಿ. ಅವನು ಬಲ ಹಾಕಿ ನಿಮ್ಮ ಕತ್ತಿಯನ್ನು ಪಕ್ಕಕ್ಕೆ ತಳ್ಳುತ್ತಿದ್ದರೆ, ತಳ್ಳಲಿ. ನೀವು ಮೇಲಕ್ಕೆ ಬಿಡಿಸಿಕೊಂಡು ಇನ್ನೊಂದು ಪಕ್ಕಕ್ಕೆ ಹೊಡೆಯಿರಿ. ಪದ್ಯದಲ್ಲಿ ಇಷ್ಟೇ ಇರುವುದು. ಆದರೆ ಸಡಿಲವೋ ಬಿಗಿಯೋ ಅನ್ನುವುದನ್ನು ಕಣ್ಣಿಂದ ನೋಡಿ ತಿಳಿಯೋಕಾಗುವುದಿಲ್ಲ, ಅಷ್ಟು ಹೊತ್ತು ಇರುವುದಿಲ್ಲ. ಗಾಳಿಪಟದ ದಾರ ಹಿಡಿದವನಿಗೆ ಗಾಳಿ ಎಳೆಯುತ್ತಿದೆಯಾ ಬಿಟ್ಟಿದೆಯಾ ಅಂತ ಬೆರಳಿಗೇ ಗೊತ್ತಾಗುತ್ತಲ್ಲ, ಹಾಗೆ ಬೆರಳಿಗೇ ಗೊತ್ತಾಗಬೇಕು.

ಇವನಿಗೆ ಆ ಪದ್ಯ ಬಾಯಿಪಾಠ ಇತ್ತು. ಬೆರಳಿಗೆ ಗೊತ್ತಿರಲಿಲ್ಲ. ಕತ್ತಿ ತಾಗಿದ ತಕ್ಷಣ ಓಡಿಹೋಗುತ್ತಿದ್ದವನಿಗೆ ಗೊತ್ತಾಗುವುದಾದರೂ ಹೇಗೆ?

ಆ ಚಳಿಗಾಲ ಪೂರ್ತಿ ಸೋತ. ಎಲ್ಲರ ಹತ್ತಿರ ಸೋತ. ರಿಟೈರ್ ಆದ ಒಬ್ಬ ಟೀಚರಮ್ಮ ಬರುತ್ತಾರೆ, ಅವನ ಎದೆಯಷ್ಟು ಎತ್ತರ ಇಲ್ಲ, ಅವರ ಹತ್ತಿರ ಸೋತ. ಮೊನ್ನೆ ಮೊನ್ನೆ ಸೇರಿದವರ ಹತ್ತಿರವೂ ಸೋತ. ಬೇರೆ ಹುಡುಗರು ಪಾಪ, ಇವನಿಗೆ ಏನೋ ಆಗಿದೆ ಅಂದುಕೊಂಡರು. ನಾನು ಪ್ರತಿ ಸುತ್ತಿನ ಕೊನೆಗೆ ಒಂದೇ ಕೇಳುತ್ತಿದ್ದೆ. ತಾಗಿದಾಗ ಬಿಗಿ ಇತ್ತಾ, ಸಡಿಲ ಇತ್ತಾ? ಮೊದಮೊದಲು ‘ಗೊತ್ತಾಗ್ಲಿಲ್ರೀ’ ಅನ್ನುತ್ತಿದ್ದ. ಆಮೇಲೆ ಯೋಚಿಸಿ ಹೇಳುತ್ತಿದ್ದ. ಆಮೇಲೆ ನಾನು ಕೇಳುವ ಮೊದಲೇ ಹೇಳುತ್ತಿದ್ದ. ಅಷ್ಟಾದರೂ ಸೋಲುತ್ತಲೇ ಇದ್ದ, ಅದು ಬೇರೆ ವಿಷಯ.

ಮತ್ತೆ ಬೇಸಿಗೆ ಬರುವ ಹೊತ್ತಿಗೆ ಒಂದು ಸಂಜೆ. ಎದುರಿಗೆ ನಮ್ಮಲ್ಲೇ ಗಟ್ಟಿ ಆಸಾಮಿ, ಮರಗೆಲಸ ಮಾಡುವವನು, ಮುಂಗೈ ನೋಡಿದರೇ ಭಯ ಆಗಬೇಕು. ಇಬ್ಬರೂ ಹೊಡೆದರು. ಕತ್ತಿ ತಾಗಿತು. ಮರಗೆಲಸದವನು ಬಲ ಹಾಕಿ ತಳ್ಳಿದ. ನಮ್ಮ ಹುಡುಗನ ಕತ್ತಿ ಅಲ್ಲಿ ಇರಲೇ ಇಲ್ಲ. ತಳ್ಳಿದ ರಭಸಕ್ಕೆ ಅವನು ಪಕ್ಕಕ್ಕೆ ವಾಲಿದ, ಇವನ ಕತ್ತಿ ಮೇಲಿಂದ ಸುತ್ತಿ ಇನ್ನೊಂದು ಪಕ್ಕದಲ್ಲಿ ಮಾಸ್ಕ್ ಮೇಲೆ ಕೂತಿತ್ತು. ಜೋರಾಗೇನೂ ಅಲ್ಲ, ಸುಮ್ನೆ ಇಟ್ಟ ಹಾಗೆ. ಹಾಲ್‌ನಲ್ಲಿ ಇದ್ದವರೆಲ್ಲ ಕೂಗಿದರು. ಇವನು ಮಾಸ್ಕ್ ತೆಗೆದು ನನ್ನ ಕಡೆ ನೋಡಿ, ‘ನಾ ಏನೂ ಮಾಡ್ಲಿಲ್ರೀ ಅಕ್ಕಾರ, ಅದ ಆತು’ ಅಂದ.

ಅದಾದ ಮೇಲೆ ಕೈಗೆ ಹೊಡೆಯೋಕೆ ಮತ್ತೆ ಒಪ್ಪಿಗೆ ಕೊಟ್ಟೆ. ಈಗ ನೋಡಬೇಕು ಅವನ ಆಟ! ಮೊದಲು ಕೈ ಕಾಯ್ದುಕೊಂಡರೆ ಸಾಕಿತ್ತು. ಈಗ ಕೈ ಕಾಯ್ದುಕೊಂಡರೆ ಕತ್ತಿ ತಾಗಿಸುತ್ತಾನೆ, ಕತ್ತಿಗೆ ಸಿದ್ಧರಾದರೆ ಕೈಗೆ ಹೊಡೆಯುತ್ತಾನೆ. ಒಂದು ಚಳಿಗಾಲ ಸೋತದ್ದಕ್ಕೆ ಸಿಕ್ಕಿದ್ದು ಇದು.

ಗಾಜಿನ ಆಚೆಯಿಂದ ಕೈ ತೋರಿಸುತ್ತಿದ್ದಾರೆ. ಸಮಯ ಆಗುತ್ತಿದೆಯಂತೆ. ಉಳಿದದ್ದನ್ನು ಓಡಿಸಿಬಿಡುತ್ತೇನೆ.

ನಿಧಾನ ಸ್ಪಾರಿಂಗ್ ಮಾಡಿ. ಅರ್ಧ ವೇಗದಲ್ಲಿ, ಇಬ್ಬರೂ ಒಂದೇ ವೇಗದಲ್ಲಿ. ಹೊಸಬರು ಏಟು ಬರುವಾಗ ಮಾಸ್ಕ್ ಒಳಗೆ ಕಣ್ಣು ಮುಚ್ಚಿಬಿಡುತ್ತಾರೆ. ಬೇಗ ಬೆದರುವವನು ಈ ವಿದ್ಯೆ ಕಲಿಯಬೇಡ ಅಂತ ಲೀಷ್ಟೆನವರ್ ಪದ್ಯದಲ್ಲಿದೆ. ನಾನು ಅಷ್ಟು ಕಠಿಣ ಅಲ್ಲ. ನಿಧಾನವಾಗಿ ಆಡಿದರೆ ಕಣ್ಣು ತೆರೆದೇ ಇರುತ್ತದೆ, ಭಯ ತಾನಾಗಿ ಹೋಗುತ್ತದೆ.

ಇನ್ನೊಂದು, ಡಬಲ್. ಅಂದರೆ ಇಬ್ಬರಿಗೂ ಒಟ್ಟಿಗೆ ಏಟು ಬೀಳುವುದು. ‘ನಾನು ಮೊದಲು ಹೊಡೆದೆ’ ಅಂತ ವಾದ ಮಾಡುತ್ತಾರೆ. ಹರಿತವಾದ ಕತ್ತಿ ಆಗಿದ್ದರೆ ವಾದ ಮಾಡೋಕೆ ಇಬ್ಬರೂ ಇರುತ್ತಿರಲಿಲ್ಲ! ಎಷ್ಟು ಗೆದ್ದೆ ಅಂತ ಎಣಿಸುವ ಚಟ ಇದ್ದರೆ, ಅದರ ಬದಲು ಡಬಲ್ ಎಣಿಸಿ. ವರ್ಷದಿಂದ ವರ್ಷಕ್ಕೆ ಅದು ಕಡಿಮೆಯಾದರೆ ನೀವು ಮುಂದೆ ಹೋಗುತ್ತಿದ್ದೀರಿ.

ಬೇರೆ ಊರಿನವರ ಜೊತೆಯೂ ಆಡಿ. ಒಂದೇ ಹಾಲ್‌ನಲ್ಲಿ ಅದೇ ಆರು ಜನರ ಜೊತೆ ಆಡಿದರೆ ಆ ಆರು ಜನರನ್ನು ಹೊಡೆಯುವುದು ಕಲಿಯುತ್ತೀರಿ, ಕತ್ತಿವರಸೆ ಅಲ್ಲ. ಟೂರ್ನಮೆಂಟಿಗೆ ಹೋಗಬೇಕಾ ಅಂತ ಕೇಳುತ್ತಾರೆ. ಹೋಗಿ. ಸ್ವೀಡನ್ನಿನ ಗೋಥೆನ್‌ಬರ್ಗ್‌ನಲ್ಲಿ 2006ರಿಂದ ಸ್ವೋರ್ಡ್‌ಫಿಶ್ ಅಂತ ದೊಡ್ಡದೊಂದು ನಡೆದುಕೊಂಡು ಬಂದಿದೆ, ನೋಡೋಕಾದರೂ ಹೋಗಿ. ಅಲ್ಲಿ ಗೆಲ್ಲೋಕೆ ಆಡಿ, ತಪ್ಪಿಲ್ಲ. ವಾಪಸ್ ಬಂದ ಮೇಲೆ ಹಾಲ್‌ನಲ್ಲಿ ಮತ್ತೆ ಒಂದು ಸುತ್ತು, ಒಂದು ಕೆಲಸ.

ಕೊನೆಯದು, ಸಾಮಾನು. ನನಗೆ ಬರುವ ಫೋನಿನಲ್ಲಿ ಜಾಸ್ತಿ ಪಾಲು ಇದೇ: ಮೇಡಂ, ಯಾವ ಕತ್ತಿ ತಗೊಳ್ಳಲಿ? ಈ ಹುಚ್ಚು ಹೊಸದಲ್ಲ ಬಿಡಿ. ಹದಿನಾರನೇ ಶತಮಾನದಲ್ಲಿ ಆಗ್ಸ್‌ಬುರ್ಗ್ ನಗರದ ಅಧಿಕಾರಿ ಪೌಲುಸ್ ಹೆಕ್ಟರ್ ಮಾಯ್ರ್‌ಗೆ ಕತ್ತಿವರಸೆಯ ಪುಸ್ತಕ ಕೂಡಿಸುವ ಖಯಾಲಿ ಇತ್ತು. ದುಬಾರಿ ಖಯಾಲಿ. ನಗರದ ದುಡ್ಡು ನುಂಗಿದ ಅಂತ 1579ರಲ್ಲಿ ಅವನನ್ನು ನೇಣಿಗೆ ಹಾಕಿದರು. ಆದ್ದರಿಂದ ಸಂಬಳ ಬಂದ ದಿನವೇ ಕತ್ತಿ ಆರ್ಡರ್ ಮಾಡಬೇಡಿ. ಕತ್ತಿಯನ್ನು ನಿಮ್ಮ ಗುಂಪಿನಲ್ಲಿ ಯಾರಾದರೂ ಕೊಡುತ್ತಾರೆ. ಮೊದಲು ಒಳ್ಳೆಯ ಮಾಸ್ಕ್, ಆಮೇಲೆ ಒಳ್ಳೆಯ ಗ್ಲೌಸ್. ಗ್ಲೌಸ್ ಕೊಳ್ಳುವಾಗ ಹೆಬ್ಬೆರಳಿನ ಕಡೆ ಒತ್ತಿ ನೋಡಿ ತಗೊಳ್ಳಿ. ಹುಬ್ಬಳ್ಳಿಯ ಹುಡುಗ ಇನ್ನೂ ನಮ್ಮ ಗುಂಪಿನಲ್ಲೇ ಇದ್ದಾನೆ.

ನಮಸ್ಕಾರ.