ಹುಬ್ಬಳ್ಳಿಯಿಂದ ಹೋದ ಒಂದು ಕೇಸು

ಕೇಳುಗರಿಗೆಲ್ಲ ನಮಸ್ಕಾರ.

ಧಾರವಾಡದ ಬಾನುಲಿ ಕೇಂದ್ರ ಶುರುವಾಗಿದ್ದು 1950ರ ಜನವರಿ 8ರಂದು. ಸರಿಯಾಗಿ ಇಪ್ಪತ್ತು ದಿನ ಬಿಟ್ಟು ದಿಲ್ಲಿಯಲ್ಲಿ ಸುಪ್ರೀಂ ಕೋರ್ಟ್ ಶುರುವಾಯಿತು. ದೂರದ ದಿಲ್ಲಿಯ ಕೋರ್ಟು, ನಮಗೂ ಅದಕ್ಕೂ ಏನು ನಂಟು ಅನಿಸುತ್ತೆ, ಅಲ್ವಾ? ಆದರೆ ದೇಶದ ಯಾವ ಮೂಲೆಯ ವಕೀಲರ ಬಾಯಲ್ಲೂ ನಮ್ಮ ಕಡೆಯ ಒಂದು ಹೆಸರಿದೆ. ಬೊಮ್ಮಾಯಿ ಕೇಸು.

ಎಸ್.ಆರ್. ಬೊಮ್ಮಾಯಿ ಹುಬ್ಬಳ್ಳಿ ಗ್ರಾಮೀಣ ಕ್ಷೇತ್ರದಿಂದ ಗೆದ್ದು ಮುಖ್ಯಮಂತ್ರಿ ಆದವರು. 1989ರ ಏಪ್ರಿಲ್‌ನಲ್ಲಿ ರಾಜ್ಯಪಾಲರ ಕೈಗೆ 19 ಶಾಸಕರ ಪತ್ರ ಬಂತು. ಬೆಂಬಲ ವಾಪಸ್ ತಗೊಂಡಿದ್ದೇವೆ ಅಂತ. ಒಂದೆರಡು ದಿನದಲ್ಲೇ ಅವರಲ್ಲಿ ಏಳು ಜನ ತಿರುಗಿ, ಇಲ್ಲ, ನಾವು ಸರ್ಕಾರದ ಜೊತೆಗೇ ಇದ್ದೇವೆ ಅಂದರು. ಸದನ ಕರೆಯಿರಿ, ಅಲ್ಲೇ ಬಹುಮತ ತೋರಿಸ್ತೀನಿ ಅಂತ ಬೊಮ್ಮಾಯಿ ಕೇಳಿಕೊಂಡರು. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಏಪ್ರಿಲ್ 21ಕ್ಕೆ ಅವರ ಸರ್ಕಾರ ವಜಾ ಆಗಿ ರಾಷ್ಟ್ರಪತಿ ಆಡಳಿತ, ಅಂದರೆ ಕೇಂದ್ರದ ಆಡಳಿತ ಬಂತು.

ಹೈಕೋರ್ಟಿನಲ್ಲಿ ಅವರು ಸೋತರು. ಸುಮ್ನೆ ಕೂರದೆ ಸುಪ್ರೀಂ ಕೋರ್ಟಿಗೆ ಹೋದರು. 1994ರ ಮಾರ್ಚ್ 11ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ ತೀರ್ಪು ಕೊಟ್ಟಿತು. ಬಹುಮತ ಇದೆಯೋ ಇಲ್ಲವೋ ಅನ್ನೋದು ಸದನದಲ್ಲೇ ತೀರ್ಮಾನ ಆಗಬೇಕು, ರಾಜಭವನದ ಕೋಣೆಯಲ್ಲಲ್ಲ. ರಾಷ್ಟ್ರಪತಿ ಆಡಳಿತ ಹೇರಿದರೆ ಯಾವ ಆಧಾರದ ಮೇಲೆ ಅಂತ ಕೋರ್ಟ್ ಕೇಳಬಹುದು. ಕರ್ನಾಟಕದಲ್ಲಿ ಆಗಿದ್ದು ಸಂವಿಧಾನಕ್ಕೆ ವಿರುದ್ಧ ಅಂತಲೂ ಹೇಳಿತು.

ಬೊಮ್ಮಾಯಿಯವರಿಗೆ ಕುರ್ಚಿ ಮರಳಿ ಸಿಗಲಿಲ್ಲ. 1989ರಲ್ಲೇ ಚುನಾವಣೆ ಮುಗಿದು ಬೇರೆ ಸರ್ಕಾರ ಬಂದಿತ್ತು. ಐದು ವರ್ಷ ತಡವಾಗಿ ಬಂದ ನ್ಯಾಯ. ಇದು ನನಗೆ ಈಗಲೂ ನೋವಿನ ವಿಷಯ. ಆದರೂ ಆ ಐದು ವರ್ಷ ಅವರು ಕೇಸು ಕೈಬಿಡಲಿಲ್ಲ ಅನ್ನೋದು ನೆನೆದರೆ ಎದೆ ತುಂಬಿ ಬರುತ್ತೆ. ನಾವು ಹಾಕಿದ ವೋಟಿಗೆ ಅದರಿಂದ ಒಂದು ಕಾವಲು ಸಿಕ್ಕಿತು.

2018ರ ಮೇ ತಿಂಗಳು ನೆನಪಿಸಿಕೊಳ್ಳಿ. ಬಹುಮತ ತೋರಿಸೋಕೆ ಯಡಿಯೂರಪ್ಪನವರಿಗೆ ರಾಜ್ಯಪಾಲರು 15 ದಿನ ಕೊಟ್ಟಿದ್ದರು. ನಡುರಾತ್ರಿ ಸುಪ್ರೀಂ ಕೋರ್ಟಿನ ಬಾಗಿಲು ತೆರೆಯಿತು, ಬೆಳಗಿನ ಜಾವದವರೆಗೆ ವಾದ ನಡೆಯಿತು. ಮರುದಿನ ಮತ್ತೆ ಕೇಳಿ, 15 ದಿನ ಬೇಡ, ನಾಳೆ ಸಂಜೆ 4ಕ್ಕೆ ಸದನದಲ್ಲೇ ಆಗಲಿ ಅಂದಿತು. ಆ ಶನಿವಾರ ಸಂಜೆ ಇಡೀ ರಾಜ್ಯದ ಕಣ್ಣು ವಿಧಾನಸಭೆಯ ಮೇಲಿತ್ತು.

ನಮಸ್ಕಾರ.