ಮಗಳು ಬಿಟ್ಟುಹೋದ ತೊಗಲಿನ ಮಿಣಿ

ನಮಸ್ಕಾರ. ಈಗ ನಿಮಗೆ ಕಾಣುತ್ತಿರುವುದು ಅಲಾಸ್ಕಾದ ಫೇರ್‌ಬ್ಯಾಂಕ್ಸ್ ಊರಿನ ನಡುವೆ ಹೆಪ್ಪುಗಟ್ಟಿ ಮಲಗಿರುವ ಚೀನಾ ನದಿ. ಚೀನಾ ದೇಶಕ್ಕೂ ಈ ಹೆಸರಿಗೂ ಸಂಬಂಧವಿಲ್ಲ. ಟನಾನಾ, ನೆನಾನಾ, ಚೀನಾ ಎಂಬ ಹೆಸರುಗಳ ಕೊನೆಯಲ್ಲಿರುವ ‘ನಾ’ ಎಂದರೆ ಈ ನೆಲದ ಅಥಬಾಸ್ಕನ್ ನುಡಿಗಳಲ್ಲಿ ನದಿ. ಡಿಸೆಂಬರ್ ಕೊನೆಯ ವಾರವಾದ್ದರಿಂದ ಹಗಲು 4 ಗಂಟೆಗೂ ಕಡಿಮೆ, ಚಳಿ ಮೈನಸ್ 34 ಡಿಗ್ರಿ. ಇಂಥ ದಿನವನ್ನೇ ಆರಿಸಿಕೊಂಡದ್ದಕ್ಕೆ ಕಾರಣವಿದೆ. ಇಲ್ಲಿನ ಮೂಲನಿವಾಸಿಗಳಾದ ಕೊಯುಕಾನ್ ಅಥಬಾಸ್ಕನ್ನರಲ್ಲಿ ಆದಿಕಾಲದ ಕಥೆಗಳನ್ನು ಚಳಿಗಾಲದಲ್ಲಿ ಮಾತ್ರ ಹೇಳಬೇಕೆಂಬ ಕಟ್ಟಳೆಯಿತ್ತು.

ನಾನು ಹೇಳಹೊರಟಿರುವುದು ಇನ್ನೂ ಉತ್ತರದ, ಅಥಬಾಸ್ಕನ್ನರೇ ಆದ ಗ್ವಿಚಿನ್ ಜನರ ಕಥೆ. ಇಲ್ಲಿಂದ ಸುಮಾರು 230 ಕಿಲೋಮೀಟರ್ ಈಶಾನ್ಯಕ್ಕೆ, ಯುಕಾನ್ ಮತ್ತು ಪೋರ್ಕ್ಯುಪೈನ್ ನದಿಗಳು ಕೂಡುವಲ್ಲಿ, ರಸ್ತೆಯೇ ತಲುಪದ ಫೋರ್ಟ್ ಯುಕಾನ್ ಎಂಬ ಊರಿದೆ. ಆ ಕಡೆಯ ಲೇಖಕಿ ವೆಲ್ಮಾ ವಾಲಿಸ್ ತಮ್ಮ ತಾಯಿಯಿಂದ ಕೇಳಿದ ಈ ಕಥೆಯನ್ನು ಬರೆದು, 1993ರಲ್ಲಿ ಪುಸ್ತಕವಾಗಿ ಹೊರತಂದರು. ಬರಗಾಲದ ಒಂದು ಚಳಿಗಾಲದಲ್ಲಿ ಅಲೆಮಾರಿ ಗುಂಪೊಂದು ತನ್ನ ಇಬ್ಬರು ಮುದುಕಿಯರನ್ನು ಹಿಮದಲ್ಲಿ ಬಿಟ್ಟು ಮುಂದೆ ಹೋಗುತ್ತದೆ. ಒಬ್ಬಾಕೆಗೆ 80, ಇನ್ನೊಬ್ಬಾಕೆಗೆ 75 ವರ್ಷ. ಹಿರಿಯಳ ಮಗಳು ಗುಂಪಿನಲ್ಲೇ ಇದ್ದಾಳೆ, ಆಕೆ ಎದುರಾಡುವುದಿಲ್ಲ. ಕಡವೆಯ ಜಾತಿಗೆ ಸೇರಿದ ಮೂಸ್ ಎಂಬ ದೊಡ್ಡ ಪ್ರಾಣಿಯ ಹಸಿತೊಗಲಿನ ಮಿಣಿಯ ಕಟ್ಟೊಂದನ್ನು ತಾಯಿಯ ಬಳಿ ಇಟ್ಟು ಹೊರಟುಬಿಡುತ್ತಾಳೆ. ಮೊದಲ ಸಲ ಓದಿದಾಗ ಆ ಮಗಳ ಮೇಲೆ ನನಗೆ ಬಹಳ ಸಿಟ್ಟು ಬಂದಿತ್ತು. ಹೆತ್ತ ತಾಯಿಗೆ ಕೊಡುವುದು ಒಂದು ಕಟ್ಟು ಮಿಣಿಯನ್ನೇ ಎಂದು ಕೇಳಿಕೊಂಡಿದ್ದೆ.

ಈಗ ತೆರೆಯ ಮೇಲೆ ನನ್ನ ಬಲಗಾಲನ್ನು ನೋಡಿ. ಹಿಮದ ಮೇಲೆ ನಡೆಯುವ ಈ ಅಗಲ ಪಾದುಕೆಗಳನ್ನು ದಿನಕ್ಕೆ 25 ಡಾಲರ್ ಬಾಡಿಗೆ ಕೊಟ್ಟು ಅಂಗಡಿಯೊಂದರಿಂದ ತಂದಿದ್ದೆ. ದಾರಿ ಬಿಟ್ಟು ಅರ್ಧ ಕಿಲೋಮೀಟರ್ ಹೋಗುವಷ್ಟರಲ್ಲಿ ಬಲಗಾಲಿನ ಪ್ಲಾಸ್ಟಿಕ್ ಪಟ್ಟಿ ಒಣಕಡ್ಡಿಯಂತೆ ಲಟಕ್ಕನೆ ಮುರಿಯಿತು. ಈ ಚಳಿಗೆ ಪ್ಲಾಸ್ಟಿಕ್ ಬಾಗುವುದಿಲ್ಲ, ಮುರಿಯುತ್ತದೆ. ಬಾಡಿಗೆಗೆ ಕೊಟ್ಟವರಿಗೆ ಇದು ತಿಳಿಯದ ಸಂಗತಿಯಲ್ಲ, ಹೇಳಬೇಕಿತ್ತು. ಇಲ್ಲಿನ ಹಿಮ ಒಣಹಿಟ್ಟಿನಂತಿದ್ದು ತುಳಿದರೆ ಗಟ್ಟಿಯಾಗುವುದಿಲ್ಲ, ಪಾದುಕೆಯಿಲ್ಲದ ಕಾಲು ತೊಡೆಯವರೆಗೆ ಇಳಿಯುತ್ತದೆ. ಕಿಸೆಯಲ್ಲಿದ್ದ ನೈಲಾನ್ ಹುರಿಯಿಂದ ಕಟ್ಟಲು ಹೋದರೆ ದಪ್ಪ ಕೈಗವಸಿನಲ್ಲಿ ಗಂಟು ಬೀಳಲಿಲ್ಲ. ಗವಸು ತೆಗೆದರೆ ಬೆರಳುಗಳು ಎರಡು ನಿಮಿಷವೂ ನನ್ನ ಮಾತು ಕೇಳಲಿಲ್ಲ. ಕೈಯನ್ನು ಕಂಕುಳಲ್ಲಿ ಬೆಚ್ಚಗೆ ಮಾಡಿಕೊಳ್ಳುವುದು, ಅರ್ಧ ಗಂಟು ಹಾಕುವುದು, ಮತ್ತೆ ಕಂಕುಳಿಗೆ ಒಯ್ಯುವುದು, ಹೀಗೆ ಒಂದೇ ಒಂದು ಗಂಟಿಗೆ ಇಪ್ಪತ್ತು ನಿಮಿಷ ಹಿಡಿಯಿತು. ಆ ಹೊತ್ತಿನಲ್ಲಿ ನಿಜವಾಗಿ ಭಯವಾಯಿತು, ಮತ್ತು ಆ ಮಗಳ ಬಗ್ಗೆ ನಾನು ಆಡಿದ್ದ ಮಾತನ್ನು ಅಲ್ಲೇ ಹಿಂದೆ ತೆಗೆದುಕೊಂಡೆ.

ಏಕೆಂದರೆ ಕಥೆಯಲ್ಲಿ ಆ ಮಿಣಿಯೇ ಎಲ್ಲವೂ ಆಗುತ್ತದೆ. ಅದನ್ನು ಸೀಳಿ ಮುದುಕಿಯರು ಮೊಲಕ್ಕೆ ಉರುಲು ಒಡ್ಡುತ್ತಾರೆ. ಹಿರಿಯಳ ಮೊಮ್ಮಗ ಮರದಲ್ಲಿ ಸಿಕ್ಕಿಸಿ ಹೋಗಿದ್ದ ಕೊಡಲಿಯನ್ನೆಸೆದು ಅಳಿಲೊಂದನ್ನು ಹೊಡೆಯುತ್ತಾರೆ. ಭೂರ್ಜದ ಮರವನ್ನು ಬಾಗಿಸಿ, ಮಿಣಿ ಹೆಣೆದು ಪಾದುಕೆ ಮಾಡಿಕೊಂಡು, ಕೆಂಡವನ್ನು ಆರದಂತೆ ಹೊತ್ತು, ಹಿಂದೊಮ್ಮೆ ಮೀನು ಹೇರಳವಾಗಿ ಸಿಕ್ಕಿದ್ದ ತೊರೆಯನ್ನು ನೆನಪಿನಿಂದಲೇ ಹುಡುಕಿಕೊಂಡು ನಡೆಯುತ್ತಾರೆ. ಹಸಿತೊಗಲು ಒದ್ದೆಯಾದರೆ ಸಡಿಲವಾಗುತ್ತದೆಯೇ ಹೊರತು ಈ ಒಣಚಳಿಗೆ ಹೀಗೆ ಮುರಿಯುವುದಿಲ್ಲ. ಮಗಳು ಮಾಂಸದ ತುಂಡೊಂದನ್ನು ಕೊಟ್ಟಿದ್ದರೆ ಅದು ಒಂದು ದಿನಕ್ಕೆ ಸಾಲುತ್ತಿತ್ತು, ಅದಕ್ಕೂ ಗುಂಪಿನವರ ಕಣ್ಣು ಬೀಳುತ್ತಿತ್ತು. ಬಾಯಿಬಿಟ್ಟು ಹೇಳಲಾಗದ್ದನ್ನು ಆಕೆ ತಾಯಿಯ ಕೈಗೆ ಕೊಟ್ಟಳು ಎಂದು ಈಗ ನನಗನ್ನಿಸುತ್ತದೆ. ಗುಂಪಿನ ಮುಖಂಡನನ್ನು ಮಾತ್ರ ನಾನು ಇನ್ನೂ ಕ್ಷಮಿಸಿಲ್ಲ, ಮುಂದಿನ ಚಳಿಗಾಲದಲ್ಲಿ ಅದೇ ಗುಂಪು ಹಸಿದು ಮರಳಿ ಬಂದಾಗ ಆ ಮುದುಕಿಯರು ಬೇಸಿಗೆಯಲ್ಲಿ ಕೂಡಿಟ್ಟ ಒಣಮೀನನ್ನು ಎಲ್ಲರಿಗೂ ಹಂಚಿದರೂ ಸಹ.

ಎಡಗಡೆ ಪೊದೆಯತ್ತ ಸಾಗಿರುವ ಆ ಗುರುತುಗಳು ಮೊಲದ ಹೆಜ್ಜೆಗಳು. ಇಲ್ಲಿನ ಮೊಲಗಳ ಸಂಖ್ಯೆ ಸುಮಾರು 10 ವರ್ಷಕ್ಕೊಮ್ಮೆ ಏರಿ, ಹಠಾತ್ತನೆ ಕುಸಿಯುತ್ತದೆ; ಹಿಂದೆ ಅಂಥ ವರ್ಷಗಳಲ್ಲಿ ದೊಡ್ಡ ಬೇಟೆಯೂ ಸಿಗದಿದ್ದರೆ ಉರುಲು ಒಡ್ಡಿಯೂ ಹಸಿದೇ ಇರಬೇಕಿತ್ತು. ಹೆಜ್ಜೆಗಳ ಹತ್ತಿರಕ್ಕೆ ಹೋಗಿ ತೋರಿಸಬೇಕೆಂದಿದ್ದೆ, ಆದರೆ ಸೂರ್ಯ ಮುಳುಗುತ್ತಿದ್ದಾನೆ, ಬ್ಯಾಟರಿ ಕೆಂಪು ಗೆರೆ ತೋರಿಸುತ್ತಿದೆ, ನೈಲಾನಿನ ಗಂಟು ಮತ್ತೆ ಜಾರುತ್ತಿದೆ. ಅದು ಬಿಚ್ಚುವ ಮೊದಲು ದಾರಿ ಸೇರಿಕೊಳ್ಳುತ್ತೇನೆ.