ದೋಣಿಯ ವೇಗ: ಎಂಜಿನ್‌ಗಿಂತ ಮೊದಲು ನೀರಿನೊಳಗೆ ನೋಡಿ

ಕೇಳುಗರೆಲ್ಲರಿಗೂ ನಮಸ್ಕಾರ.

ಮೋಟಾರು ದೋಣಿಯ ಗರಿಷ್ಠ ವೇಗ ಯಾವ ಯಾವ ಸಂಗತಿಗಳನ್ನು ಅವಲಂಬಿಸಿದೆ ಎಂಬುದನ್ನು ಈ ಭಾಷಣದಲ್ಲಿ ತಿಳಿಸಿಕೊಡಬೇಕೆಂದು ಆಕಾಶವಾಣಿಯವರು ಕೇಳಿದ್ದಾರೆ. ಮಲ್ಪೆ, ಗಂಗೊಳ್ಳಿ, ಹೊನ್ನಾವರ, ಕಾರವಾರಗಳಲ್ಲಿ ಪ್ರವಾಸಿಗರನ್ನು ಕೂರಿಸಿಕೊಂಡು ಸ್ಪೀಡ್‌ಬೋಟ್ ಓಡಿಸುವವರು, ದೋಣಿಯ ಹಿಂಬದಿಗೆ ಹೊರಗಿನಿಂದ ಸಿಕ್ಕಿಸುವ ಔಟ್‌ಬೋರ್ಡ್ ಎಂಜಿನ್ ಅಳವಡಿಸಿದ ನಾಡದೋಣಿಯಲ್ಲಿ ಕಡಲಿಗೆ ಇಳಿಯುವವರು ಮನೆಯಲ್ಲೋ ದಕ್ಕೆಯಲ್ಲೋ ಕುಳಿತು ಕೇಳುತ್ತಿದ್ದೀರಿ ಎಂದು ಭಾವಿಸಿ ನಾನು ಮಾತನಾಡುತ್ತೇನೆ. ದೋಣಿ ಓಡುತ್ತಿಲ್ಲ ಎನಿಸಿದ ಕೂಡಲೇ ನಿಮ್ಮಲ್ಲಿ ಬಹುಪಾಲು ಜನ ಹೇಳುವುದು ಒಂದೇ ಮಾತು: ಎಂಜಿನ್ ಸಾಲದು, ಇನ್ನೂ ದೊಡ್ಡದು ಬೇಕು. ಈ ಮಾತನ್ನು ವರ್ಷಗಳಿಂದ ಕೇಳುತ್ತಾ ಬಂದಿರುವ ನಾನು ಅಷ್ಟೇ ವರ್ಷಗಳಿಂದ ಕೊಡುತ್ತಾ ಬಂದಿರುವ ಉತ್ತರವೂ ಒಂದೇ. ಎಂಜಿನ್‌ಗೆ ಹಣ ಕಟ್ಟುವ ಮೊದಲು ನೀರಿನೊಳಗೆ ಏನಿದೆ ಎಂದು ನೋಡಿ.

ನೀರು ಗಾಳಿಗಿಂತ ಸುಮಾರು 800 ಪಟ್ಟು ಸಾಂದ್ರವಾದದ್ದು. ಎಂಜಿನ್ ಉತ್ಪಾದಿಸುವ ಶಕ್ತಿಯ ಬಹುಭಾಗ ಈ ನೀರನ್ನು ಪಕ್ಕಕ್ಕೆ ತಳ್ಳುವುದಕ್ಕೆ ಮತ್ತು ದೋಣಿಯ ಮೈಗೆ ಉಜ್ಜುವ ನೀರಿನ ಘರ್ಷಣೆಯನ್ನು ಮೀರುವುದಕ್ಕೆ ಖರ್ಚಾಗುತ್ತದೆ. 1870ರ ದಶಕದಲ್ಲಿ ಇಂಗ್ಲೆಂಡಿನ ವಿಲಿಯಂ ಫ್ರೌಡ್ ಎಂಬ ಎಂಜಿನಿಯರ್ ಟಾರ್ಕಿ ಎಂಬಲ್ಲಿ ಉದ್ದನೆಯ ನೀರಿನ ತೊಟ್ಟಿಯನ್ನು ಕಟ್ಟಿಸಿ, ಹಡಗುಗಳ ಸಣ್ಣ ಮಾದರಿಗಳನ್ನು ಅದರಲ್ಲಿ ಎಳೆದು, ಈ ಎರಡು ಬಗೆಯ ಪ್ರತಿರೋಧಗಳನ್ನು ಬೇರೆ ಬೇರೆಯಾಗಿ ಲೆಕ್ಕ ಹಾಕುವುದನ್ನು ಜಗತ್ತಿಗೆ ಕಲಿಸಿದರು. ದೋಣಿ ಮುಂದೆ ಸಾಗುವಾಗ ತಾನೇ ಅಲೆಯನ್ನು ಎಬ್ಬಿಸುತ್ತದೆ, ವೇಗ ಹೆಚ್ಚಿದಂತೆ ಆ ಅಲೆ ಉದ್ದವಾಗುತ್ತದೆ, ಅಲೆಯ ಉದ್ದ ದೋಣಿಯ ಉದ್ದಕ್ಕೆ ಸಮವಾದ ಹೊತ್ತಿಗೆ ದೋಣಿ ತಾನೇ ಎಬ್ಬಿಸಿದ ಅಲೆಯನ್ನು ಹತ್ತಲಾರದೆ ಅಲ್ಲಿಯೇ ಉಳಿಯುತ್ತದೆ. ನೀರಿಗೆ ತಾಗಿರುವ ಉದ್ದವನ್ನು ಅಡಿಗಳಲ್ಲಿ ಅಳೆದು ಅದರ ವರ್ಗಮೂಲವನ್ನು 1.34ರಿಂದ ಗುಣಿಸಿದರೆ ಆ ಮಿತಿ ನಾಟ್‌ಗಳಲ್ಲಿ ಸಿಗುತ್ತದೆ. 36 ಅಡಿ ಉದ್ದದ, ನೀರಿನಲ್ಲಿ ಮುಳುಗಿಕೊಂಡೇ ಸಾಗುವ ಭಾರದ ದೋಣಿಗೆ ಅದು 8 ನಾಟ್, ಅಂದರೆ ಗಂಟೆಗೆ ಸುಮಾರು 15 ಕಿಲೋಮೀಟರ್. ಅಂಥ ದೋಣಿಗೆ ಎಂಜಿನ್ ಮೇಲೆ ಎಂಜಿನ್ ಹೇರಿದರೆ ಡೀಸೆಲ್ ಹೆಚ್ಚು ಉರಿಯುತ್ತದೆ, ಅಲೆ ಇನ್ನೂ ಎತ್ತರವಾಗುತ್ತದೆ, ವೇಗ ಮಾತ್ರ ಹೇಳಿಕೊಳ್ಳುವಷ್ಟು ಏರುವುದಿಲ್ಲ.

ಸ್ಪೀಡ್‌ಬೋಟ್‌ನ ಕಥೆ ಬೇರೆ. ಅದರ ತಳ ಹಿಂಭಾಗದಲ್ಲಿ ಅಗಲವಾಗಿ, ನೇರವಾಗಿ ಇರುವುದರಿಂದ ಸಾಕಷ್ಟು ಶಕ್ತಿ ಸಿಕ್ಕಿದಾಗ ದೋಣಿ ತಾನೆಬ್ಬಿಸಿದ ಅಲೆಯನ್ನು ದಾಟಿ, ನೀರಿನಿಂದ ಮೇಲೆದ್ದು ಜಾರತೊಡಗುತ್ತದೆ. ಇಲ್ಲಿಯೂ ಲೆಕ್ಕ ನೀವು ಅಂದುಕೊಂಡಂತೆ ಇಲ್ಲ. ಜಾರುವ ದೋಣಿಯ ವೇಗ ಅಶ್ವಶಕ್ತಿಯ, ಅಂದರೆ ಎಚ್‌ಪಿಯ, ಜೊತೆ ಅಷ್ಟಕ್ಕಷ್ಟೇ ಏರುವುದಿಲ್ಲ, ತೂಕಕ್ಕೆ ಎಷ್ಟು ಅಶ್ವಶಕ್ತಿ ಎಂಬ ಲೆಕ್ಕದ ವರ್ಗಮೂಲದಂತೆ ಏರುತ್ತದೆ. 50 ಎಚ್‌ಪಿ ಎಂಜಿನ್‌ನಲ್ಲಿ ಗಂಟೆಗೆ 50 ಕಿಲೋಮೀಟರ್ ಓಡುವ ದೋಣಿಗೆ 100 ಎಚ್‌ಪಿ ಕೂರಿಸಿದರೆ, ಹೊಸ ಎಂಜಿನ್‌ನ ಹೆಚ್ಚುವರಿ ಭಾರವನ್ನು ಬದಿಗಿಟ್ಟರೂ, 70ರ ಆಸುಪಾಸಿಗೆ ಮುಟ್ಟಬಹುದೇ ಹೊರತು 100 ಆಗುವುದಿಲ್ಲ. ಅದೇ ದೋಣಿಯ ಒಟ್ಟು ತೂಕ 1000 ಕಿಲೋ ಇದ್ದು ಅದನ್ನು 800ಕ್ಕೆ ಇಳಿಸಿದರೆ ಹಳೆಯ ಎಂಜಿನ್‌ನಲ್ಲಿಯೇ ಸುಮಾರು 56 ಸಿಗುತ್ತದೆ. ಇಳಿಸುವುದು ಎಲ್ಲಿಂದ ಎಂದು ಕೇಳಬೇಡಿ, ತಳದಲ್ಲಿ ನಿಂತ ನೀರನ್ನು ಎತ್ತಿ ಹಾಕಿದ್ದೀರಾ ಎಂದು ಮೊದಲು ಹೇಳಿ. ನೂರು ಲೀಟರ್ ನೀರು ಎಂದರೆ ನೂರು ಕಿಲೋ ತೂಕ. ಹಲಗೆಯ ಕೆಳಗಿನ ಫೋಮ್ ವರ್ಷಗಟ್ಟಲೆ ನೀರು ಕುಡಿದು ಭಾರವಾಗಿದ್ದರೆ ಅದು ಹೊರಗಿನಿಂದ ಕಾಣುವುದೂ ಇಲ್ಲ.

ಈಗ ನನಗೆ ಅತ್ಯಂತ ಪ್ರಿಯವಾದ ಪ್ರಸಂಗವೊಂದನ್ನು ಹೇಳಲೇಬೇಕು. ಚಾರ್ಲ್ಸ್ ಪಾರ್ಸನ್ಸ್ ಎಂಬ ಎಂಜಿನಿಯರ್ 1884ರಲ್ಲಿ ಉಗಿ ಟರ್ಬೈನ್‌ಗೆ, ಅಂದರೆ ಉಗಿಯ ರಭಸಕ್ಕೆ ಚಕ್ರ ತಿರುಗುವ ಎಂಜಿನ್‌ಗೆ, ಪೇಟೆಂಟ್ ಪಡೆದರು. ಅದನ್ನು ಹಡಗಿಗೆ ಅಳವಡಿಸಬಹುದು ಎಂದು ತೋರಿಸಲು 1894ರಲ್ಲಿ ಅವರು ಇಂಗ್ಲೆಂಡಿನ ಟೈನ್ ನದಿಯ ತೀರದಲ್ಲಿ ಟರ್ಬೀನಿಯ ಎಂಬ ನೂರು ಅಡಿಗೂ ಉದ್ದವಾದ, ಒಂಬತ್ತು ಅಡಿ ಮಾತ್ರ ಅಗಲದ ಸಪೂರ ದೋಣಿಯೊಂದನ್ನು ನೀರಿಗಿಳಿಸಿದರು. ಟರ್ಬೈನ್ ಆ ಕಾಲದ ಅದ್ಭುತ, ದೋಣಿಯ ಆಕಾರವೂ ವೇಗಕ್ಕೆಂದೇ ರೂಪಿಸಿದ್ದು. ಆದರೂ ಪರೀಕ್ಷಾ ಓಟಗಳಲ್ಲಿ ಅದು 20 ನಾಟ್ ಕೂಡ ಮುಟ್ಟಲಿಲ್ಲ. ನೀರಿನೊಳಗೆ ತಿರುಗಿ ದೋಣಿಯನ್ನು ಮುಂದೆ ತಳ್ಳುವ ಪ್ರೊಪೆಲ್ಲರ್ ಬದಲಿಸಿ ನೋಡಿದರು, ಮತ್ತೆ ಬದಲಿಸಿದರು, ಫಲ ಸಿಗಲಿಲ್ಲ. ಬೇರೆ ಯಾರಾದರೂ ಆಗಿದ್ದರೆ ಟರ್ಬೈನ್‌ನಲ್ಲೇ ಶಕ್ತಿಯಿಲ್ಲ ಎಂದು ಕೈಬಿಡುತ್ತಿದ್ದರು. ಪಾರ್ಸನ್ಸ್ ಹಾಗೆ ಮಾಡಲಿಲ್ಲ, ಅಳೆದು ನೋಡಿದರು. ಟರ್ಬೈನ್ ಮತ್ತು ಪ್ರೊಪೆಲ್ಲರ್ ನಡುವಿನ ದಂಡದಲ್ಲಿ ಸ್ಪ್ರಿಂಗಿನ ಮಾಪಕವೊಂದನ್ನು ಅಳವಡಿಸಿ, ದಂಡ ಎಷ್ಟು ತಿರುಚುಬಲವನ್ನು ಸಾಗಿಸುತ್ತಿದೆ ಎಂದು ಪರಿಶೀಲಿಸಿದಾಗ, ಟರ್ಬೈನ್ ತನ್ನ ಕೆಲಸವನ್ನು ಸರಿಯಾಗಿಯೇ ಮಾಡುತ್ತಿದೆ, ಶಕ್ತಿ ವ್ಯರ್ಥವಾಗುತ್ತಿರುವುದು ನೀರಿನೊಳಗೆ ಎಂಬುದು ಸ್ಪಷ್ಟವಾಯಿತು.

ನೀರಿನೊಳಗೆ ಆಗುತ್ತಿದ್ದುದು ಇಷ್ಟು. ಒಂದೇ ಪ್ರೊಪೆಲ್ಲರ್ ವಿಪರೀತ ವೇಗದಲ್ಲಿ ತಿರುಗುವಾಗ ಅದರ ಅಲಗುಗಳ ಒಂದು ಬದಿಯಲ್ಲಿ ಒತ್ತಡ ಎಷ್ಟು ಕುಸಿಯುತ್ತದೆಂದರೆ ಅಲ್ಲಿನ ನೀರು ತಣ್ಣಗಿರುವಾಗಲೇ ಆವಿಯಾಗಿ ಗುಳ್ಳೆಗಳಾಗುತ್ತದೆ. ಗುಳ್ಳೆಗಳನ್ನು ತಳ್ಳಿದರೆ ದೋಣಿ ಮುಂದಕ್ಕೆ ಹೋಗುವುದಿಲ್ಲ. ಇದನ್ನು ಕಣ್ಣಾರೆ ಕಾಣಬೇಕೆಂದು ಪಾರ್ಸನ್ಸ್ 1895ರಲ್ಲಿ ಸಣ್ಣದೊಂದು ತೊಟ್ಟಿ ಮಾಡಿ, ಅದರಲ್ಲಿ ಎರಡು ಇಂಚಿನ ಪ್ರೊಪೆಲ್ಲರ್ ತಿರುಗಿಸಿ, ಮಿಣುಕುವ ಬೆಳಕಿನಲ್ಲಿ ಗುಳ್ಳೆಗಳು ಅಲಗಿನ ಮೇಲೆ ಹುಟ್ಟುವುದನ್ನು ನೋಡಿದರು. ಎರಡು ಇಂಚು ಎಂದರೆ ಅಂಗೈಯಲ್ಲಿ ಮುಚ್ಚಿಕೊಳ್ಳಬಹುದಾದ ವಸ್ತು! ಅನಂತರ ಅವರು ಒಂದು ದಂಡದ ಬದಲು ಮೂರು ದಂಡಗಳನ್ನು ಹಾಕಿ, ಮೂರಕ್ಕೂ ಬೇರೆ ಬೇರೆ ಟರ್ಬೈನ್ ಜೋಡಿಸಿ, ಪ್ರತಿ ದಂಡಕ್ಕೂ ಮೂರು ಪ್ರೊಪೆಲ್ಲರ್‌ಗಳಂತೆ ಒಟ್ಟು ಒಂಬತ್ತನ್ನು ಅಳವಡಿಸಿ, ಹೊರೆಯನ್ನು ಹಂಚಿದರು. 1897ರ ಜೂನ್ 26ರಂದು ವಿಕ್ಟೋರಿಯಾ ರಾಣಿಯ ವಜ್ರಮಹೋತ್ಸವಕ್ಕಾಗಿ ಇಂಗ್ಲೆಂಡಿನ ದಕ್ಷಿಣ ಕರಾವಳಿಯ ಸ್ಪಿಟ್‌ಹೆಡ್‌ನಲ್ಲಿ ಬ್ರಿಟಿಷ್ ನೌಕಾಪಡೆಯ ಹಡಗುಗಳು ಸಾಲುಗಟ್ಟಿ ನಿಂತಿದ್ದಾಗ, ಟರ್ಬೀನಿಯ ಆ ಸಾಲುಗಳ ನಡುವೆ ಸುಮಾರು 34 ನಾಟ್ ವೇಗದಲ್ಲಿ, ಅಂದರೆ ಗಂಟೆಗೆ 63 ಕಿಲೋಮೀಟರ್ ವೇಗದಲ್ಲಿ ಓಡಿತು. ತಡೆಯಲು ಬಂದ ನೌಕಾಪಡೆಯ ದೋಣಿಗಳಿಗೆ ಅದು ಸಿಗಲಿಲ್ಲ. ಆ ದೋಣಿಯನ್ನು ಇಂದಿಗೂ ನ್ಯೂಕ್ಯಾಸಲ್ ನಗರದ ಮ್ಯೂಸಿಯಂನಲ್ಲಿ ಇಟ್ಟಿದ್ದಾರೆ, ಹೋಗುವ ಅವಕಾಶ ಇದ್ದವರು ದಯವಿಟ್ಟು ಅದರ ಹಿಂಭಾಗಕ್ಕೆ ಹೋಗಿ ನಿಂತು ನೋಡಿ.

ಪ್ರಸಂಗ ಸ್ವಲ್ಪ ದೀರ್ಘವಾಯಿತು, ಆದರೆ ನಮ್ಮ ದಕ್ಕೆಗಳಲ್ಲಿ ನಿತ್ಯ ನಡೆಯುವುದೂ ಇದೇ. ಎಂಜಿನ್ ಕೆಟ್ಟಿದೆ ಎಂದು ಸಿಟ್ಟಿನಿಂದ ಬಂದ ಮಾಲೀಕರೊಬ್ಬರ ಔಟ್‌ಬೋರ್ಡನ್ನು ಮೇಲೆತ್ತಿ ಪ್ರೊಪೆಲ್ಲರ್ ಕಳಚಿದಾಗ, ದಂಡದ ಸುತ್ತ ನೈಲಾನ್ ದಾರ ಬಿಗಿಯಾಗಿ ಸುತ್ತಿಕೊಂಡಿತ್ತು, ಅಳಿವೆಯ ಮರಳು ದಿಬ್ಬಕ್ಕೆ ತಾಗಿ ಮೂರು ಅಲಗುಗಳಲ್ಲಿ ಎರಡರ ಅಂಚು ಮಡಚಿತ್ತು. ಅಂಚಿನ ಮೇಲೆ ಉಗುರು ಎಳೆದರೆ ಅದು ಪ್ರತಿ ಅರ್ಧ ಇಂಚಿಗೆ ಒಮ್ಮೆ ಸಿಕ್ಕಿಕೊಳ್ಳುತ್ತಿತ್ತು. ಅಂಥ ಅಂಚಿನಲ್ಲಿ ಗುಳ್ಳೆ ಏಳದೆ ಇರುತ್ತದೆಯೇ? ನೀವು ಫ್ಯಾನ್ ಎಂದು ಕರೆಯುವ ಈ ಪ್ರೊಪೆಲ್ಲರ್‌ಗೆ ಪಿಚ್ ಎಂಬ ಅಳತೆಯೊಂದು ಇರುತ್ತದೆ. ಮರದೊಳಗೆ ಸ್ಕ್ರೂ ಒಂದು ಸುತ್ತಿಗೆ ಎಷ್ಟು ದೂರ ಇಳಿಯುತ್ತದೆಯೋ ಹಾಗೆ, ಪ್ರೊಪೆಲ್ಲರ್ ಒಂದು ಸುತ್ತಿಗೆ ಎಷ್ಟು ಮುಂದೆ ಹೋಗಬೇಕು ಎಂಬುದೇ ಪಿಚ್. ಎಂಜಿನ್ 5500 ಆರ್‌ಪಿಎಂನಲ್ಲಿ, ಅಂದರೆ ನಿಮಿಷಕ್ಕೆ 5500 ಸುತ್ತಿನಂತೆ ಓಡಿ, ಗೇರ್ ಅದನ್ನು ಅರ್ಧಕ್ಕೆ ಇಳಿಸಿ, ಪಿಚ್ 17 ಇಂಚು ಇದ್ದರೆ ಲೆಕ್ಕಕ್ಕೆ ಗಂಟೆಗೆ 71 ಕಿಲೋಮೀಟರ್ ಬರುತ್ತದೆ. ನೀರು ಮರದಂತೆ ಗಟ್ಟಿಯಲ್ಲದ ಕಾರಣ ಹತ್ತು ಹದಿನೈದು ಶೇಕಡಾ ಜಾರಿಹೋಗಿ 60ರಿಂದ 64ರವರೆಗೆ ಕೈಗೆ ಸಿಗುತ್ತದೆ. ಪಿಚ್ ತೀರಾ ಹೆಚ್ಚಾದರೆ ಎಂಜಿನ್ ಉಸಿರು ಕಟ್ಟಿ ತನ್ನ ಆರ್‌ಪಿಎಂ ಮುಟ್ಟುವುದಿಲ್ಲ, ತೀರಾ ಕಡಿಮೆಯಾದರೆ ಎಂಜಿನ್ ಮಿತಿಮೀರಿ ತಿರುಗಿ ದೋಣಿ ಹಿಂದೆ ಉಳಿಯುತ್ತದೆ. ಪಿಚ್‌ನಲ್ಲಿ ಒಂದು ಇಂಚು ಬದಲಾದರೆ ಸುಮಾರು 150ರಿಂದ 200 ಆರ್‌ಪಿಎಂ ಬದಲಾಗುತ್ತದೆ. ಹೊಸ ಎಂಜಿನ್‌ನ ಬೆಲೆ ಎಲ್ಲಿ, ಒಂದು ಪ್ರೊಪೆಲ್ಲರ್‌ನ ಬೆಲೆ ಎಲ್ಲಿ, ನೀವೇ ಯೋಚಿಸಿ.

ಉಳಿದದ್ದನ್ನು ಬೇಗ ಹೇಳಿಬಿಡುತ್ತೇನೆ. ಅಳಿವೆಯ ನೀರಿನಲ್ಲಿ ವಾರಗಟ್ಟಲೆ ಕಟ್ಟಿಹಾಕಿದ ದೋಣಿಯ ತಳಕ್ಕೆ ಮೊದಲು ಲೋಳೆ, ಆಮೇಲೆ ಚಿಪ್ಪಿನ ಜೀವಿಗಳು ಅಂಟಿಕೊಳ್ಳುತ್ತವೆ. ಇವು ಎಷ್ಟು ಸಣ್ಣವಾದರೂ ಘರ್ಷಣೆಯನ್ನು ಬಹಳ ಹೆಚ್ಚಿಸುತ್ತವೆ. ನಾಡದೋಣಿಯವರು ದೋಣಿಯನ್ನು ದಡಕ್ಕೆ ಎಳೆದು ಬಿಸಿಲಿಗೆ ಒಣಗಿಸುತ್ತಾರಲ್ಲ, ಅದು ಬಹಳ ಒಳ್ಳೆಯ ಪದ್ಧತಿ. ಸದಾ ನೀರಿನಲ್ಲೇ ಇರುವ ದೋಣಿಗೆ ಇವುಗಳನ್ನು ತಡೆಯುವ ವಿಶೇಷ ಬಣ್ಣ ಹಚ್ಚಲೇಬೇಕು, ಫೈಬರ್ ತಳವನ್ನು ಕಬ್ಬಿಣದ ಉಳಿಯಿಂದ ಕೆರೆಯಬಾರದು. ತಳದ ಹಿಂಭಾಗದ ಕೊನೆಯ ಕೆಲವು ಅಡಿ ನೇರವಾಗಿರಬೇಕು. ದಡದಲ್ಲಿ ಇಡುವಾಗ ಆಧಾರದ ಮರದ ದಿಮ್ಮಿಗಳನ್ನು ತಪ್ಪು ಜಾಗದಲ್ಲಿ ಕೊಟ್ಟು ಆ ಭಾಗ ಒಳಗೆ ಬಾಗಿದರೆ, ದೋಣಿ ಓಡುವಾಗ ಮೂತಿ ಕೆಳಗೆ ಒತ್ತಿಕೊಂಡು ಹೆಚ್ಚು ಮೈ ನೀರಿಗೆ ತಾಗುತ್ತದೆ. ಜನರನ್ನೆಲ್ಲ ಮುಂದೆ ಕೂರಿಸಿದರೂ ಅದೇ ಆಗುತ್ತದೆ, ಎಲ್ಲರನ್ನೂ ಹಿಂದೆ ಕೂರಿಸಿದರೆ ದೋಣಿ ಮೇಲೆದ್ದು ಜಾರುವುದಕ್ಕೇ ಕಷ್ಟಪಡುತ್ತದೆ. ಎಂಜಿನ್‌ನ ಕೆಳಭಾಗದಲ್ಲಿ, ಪ್ರೊಪೆಲ್ಲರ್‌ನ ಮೇಲೆ, ಅಡ್ಡಲಾಗಿ ಒಂದು ತಟ್ಟೆ ಇದೆ. ಅದು ದೋಣಿಯ ತಳದ ಮಟ್ಟಕ್ಕೆ ಇರಲಿ, ಇಲ್ಲವೇ ಒಂದಿಂಚು ಮೇಲಿರಲಿ. ಕೆಳಗಿದ್ದರೆ ಎಂಜಿನ್‌ನ ಕಾಲು ನೀರನ್ನು ಸುಮ್ಮನೆ ಸೀಳುತ್ತಾ ಹೋಗುತ್ತದೆ, ತೀರಾ ಮೇಲಿದ್ದರೆ ಪ್ರೊಪೆಲ್ಲರ್ ಗಾಳಿಯನ್ನು ಎಳೆದುಕೊಳ್ಳುತ್ತದೆ.

ಎಂಜಿನ್‌ನ ಬಗ್ಗೆ ಏನೂ ಹೇಳಲಿಲ್ಲ ಎಂದು ಯಾರೂ ಬೇಸರಿಸಬಾರದು. ಸೆಕೆ ಹೆಚ್ಚಿದ ದಿನ, ಗಾಳಿಯಲ್ಲಿ ತೇವ ತುಂಬಿದ ದಿನ ಎಂಜಿನ್‌ನ ಶಕ್ತಿ ಕೊಂಚ ಇಳಿಯುತ್ತದೆ. ಸಮುದ್ರ ಮಟ್ಟದಿಂದ ಪ್ರತಿ ಸಾವಿರ ಅಡಿ ಮೇಲೇರಿದಂತೆ ಸುಮಾರು 3 ಶೇಕಡಾ ಶಕ್ತಿ ನಷ್ಟವಾಗುತ್ತದೆ. ಲಿಂಗನಮಕ್ಕಿ ಅಣೆಕಟ್ಟೆ ತುಂಬಿದಾಗ ಅದರ ನೀರಿನ ಮಟ್ಟ 1819 ಅಡಿ, ಆದ್ದರಿಂದ ಮಲ್ಪೆಯಲ್ಲಿ ಚೆನ್ನಾಗಿ ಓಡುವ ಎಂಜಿನ್ ಶರಾವತಿಯ ಹಿನ್ನೀರಿನಲ್ಲಿ ಶೇಕಡಾ 5ರಷ್ಟು ಸೋತರೆ ಅದು ಎಂಜಿನ್‌ನ ದೋಷವಲ್ಲ.

ನಾಳೆ ದೋಣಿ ಇಳಿಸುವವರು ಒಂದು ಕೆಲಸ ಮಾಡಿ. ಎಂದಿನಷ್ಟೇ ಜನ, ಎಂದಿನಷ್ಟೇ ಇಂಧನ ಇಟ್ಟುಕೊಂಡು, ನೀರು ಶಾಂತವಾಗಿರುವ, ಬೇರೆ ದೋಣಿಗಳಿಲ್ಲದ ಜಾಗದಲ್ಲಿ ಥ್ರಾಟಲ್ ಪೂರ್ತಿ ಕೊಟ್ಟು ಆರ್‌ಪಿಎಂ ಮೀಟರನ್ನು ಓದಿ, ಎಂಜಿನ್‌ನ ಕೈಪಿಡಿಯಲ್ಲಿ ಮುದ್ರಿಸಿರುವ ಅಂಕಿಯ ಜೊತೆ ಹೋಲಿಸಿ. ಮೀಟರ್ ಕಡಿಮೆ ತೋರಿಸಿದರೆ ಅಂಗಡಿಗೆ ಹೋಗಬೇಡಿ, ಎಂಜಿನ್ ನಿಲ್ಲಿಸಿ ಮೇಲೆತ್ತಿ ಮೊದಲು ಪ್ರೊಪೆಲ್ಲರ್ ನೋಡಿ, ಆಮೇಲೆ ದೋಣಿಯನ್ನು ದಡಕ್ಕೆ ಎಳೆದು ತಳಕ್ಕೆ ಕೈಯಾಡಿಸಿ. ನಮಸ್ಕಾರ.